ಜೇನ್ ಮ್ಯಾನಿಂಗ್ ಜೇಮ್ಸ್: ಸಾಲ್ಟ್ ಲೇಕ್ ಕಣಿವೆಗೆ ಮೊದಲು ಬಂದವರಲ್ಲಿ ಒಬ್ಬ ಕಪ್ಪು ಮಹಿಳೆಯ ಬದುಕು

ಪ್ರಶ್ನೆ – ತುಂಗಾತೀರ

ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಪಂಥದವರು 1847ರಲ್ಲಿ ಬಂಡಿಗಳನ್ನು ಹೂಡಿಕೊಂಡು ಅಮೆರಿಕದ ಬಯಲುಸೀಮೆಯನ್ನು ದಾಟಿ, ಇಂದಿನ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲೆಸಿದ ಚರಿತ್ರೆಯನ್ನು ಓದುತ್ತಿದ್ದೇನೆ. ಬ್ರಿಗಮ್ ಯಂಗ್ ಮೊದಲಾದ ಮುಖಂಡರ ಕುರಿತು ಧಾರಾಳವಾಗಿ ಬರೆಯಲಾಗಿದೆ. ಅದೇ ವರ್ಷ ಅಲ್ಲಿಗೆ ಬಂದ ಜೇನ್ ಮ್ಯಾನಿಂಗ್ ಜೇಮ್ಸ್ ಎಂಬ ಸ್ವತಂತ್ರ ಕಪ್ಪು ಮಹಿಳೆಯ ಕಥೆ ಮಾತ್ರ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಅವರು ಅಲ್ಲಿಗೆ ತಲುಪಿದ್ದು ಹೇಗೆ, ಯಾವ ಕೆಲಸ ಮಾಡಿ ಬದುಕಿದರು, ಪಂಥದವರು ಅವರನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ – ಹಳೆಯ ಹಾದಿ

ತುಂಗಾತೀರ ಅವರೇ, ಜೇನ್ ತಮ್ಮ ಮುಪ್ಪಿನಲ್ಲಿ ಬೇರೊಬ್ಬರ ಕೈಯಿಂದ ಬರೆಯಿಸಿದ ಸಂಕ್ಷಿಪ್ತ ಆತ್ಮಕಥನವೊಂದು ಉಳಿದುಬಂದಿದೆ. ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅದರಿಂದಲೇ ಬಂದದ್ದು. ಅವರು ಕನೆಕ್ಟಿಕಟ್‌ನ ವಿಲ್ಟನ್ ಎಂಬ ಊರಿನಲ್ಲಿ ಸ್ವತಂತ್ರ ಕುಟುಂಬದಲ್ಲಿ ಹುಟ್ಟಿದವರು. ಮಾರ್ಮನ್ ಪಂಥವನ್ನು ಸೇರಿದ ಮೇಲೆ, 1843ರಲ್ಲಿ, ತಮ್ಮ ಮನೆಯವರನ್ನು ಕರೆದುಕೊಂಡು ಇಲಿನಾಯ್‌ನಲ್ಲಿದ್ದ ನಾವೂ ಪಟ್ಟಣಕ್ಕೆ ಹೊರಟರು. ಬಫಲೋ ನಗರದಿಂದ ಮುಂದಕ್ಕೆ ದೋಣಿಯಲ್ಲಿ ಹೋಗಲು ಅವರಿಗೆ ಅವಕಾಶ ಸಿಗದೆ ಹೋದಾಗ, ಉಳಿದ ಸುಮಾರು 1,300 ಕಿಲೋಮೀಟರ್ ದಾರಿಯನ್ನು ಕಾಲ್ನಡಿಗೆಯಲ್ಲೇ ಕ್ರಮಿಸಿದರು. ಪಾದರಕ್ಷೆಗಳು ಸವೆದು, ಕಾಲು ಬಿರಿದು, ನೆಲದ ಮೇಲೆ ರಕ್ತದ ಹೆಜ್ಜೆಗುರುತು ಮೂಡುತ್ತಿತ್ತೆಂದು ಅವರೇ ಹೇಳಿದ್ದಾರೆ. ಪಿಯೋರಿಯಾದಲ್ಲಿ ಅಧಿಕಾರಿಗಳು ಇವರನ್ನು ತಡೆದು, ಜೀತಮುಕ್ತರೆಂದು ತೋರಿಸುವ ಕಾಗದಪತ್ರಗಳನ್ನು ಕೇಳಿ, ಸೆರೆಮನೆಗೆ ತಳ್ಳುವುದಾಗಿ ಬೆದರಿಸಿದರು. ಎಂದೂ ಜೀತದಲ್ಲಿ ಇರದವರ ಬಳಿ ಅಂಥ ಕಾಗದಗಳಾದರೂ ಎಲ್ಲಿಂದ ಬರಬೇಕು?

ನಾವೂ ಪಟ್ಟಣದಲ್ಲಿ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಅವರ ಮನೆಯಲ್ಲೇ ಜೇನ್ ಕೆಲಸಕ್ಕೆ ನಿಂತರು. ಜೋಸೆಫ್ 1844ರಲ್ಲಿ ಕಾರ್ಥೇಜ್ ಸೆರೆಮನೆಯಲ್ಲಿ ಗುಂಪಿನ ದಾಳಿಗೆ ಬಲಿಯಾದರು. ಎರಡು ವರ್ಷಗಳ ನಂತರ ಮಾರ್ಮನ್ನರು ಆ ಪಟ್ಟಣವನ್ನು ತೊರೆಯತೊಡಗಿದಾಗ, ಜೇನ್ ಪತಿ ಐಸಾಕ್ ಜೇಮ್ಸ್ ಹಾಗೂ ಮಕ್ಕಳೊಂದಿಗೆ ಪಶ್ಚಿಮಕ್ಕೆ ಹೊರಟು, 1847ರ ಸೆಪ್ಟೆಂಬರ್‌ನಲ್ಲಿ ಕಣಿವೆಯನ್ನು ಸೇರಿದರು.

ಅಲ್ಲಿಯ ಮೊದಲ ವರ್ಷಗಳು ಹಸಿವಿನ ವರ್ಷಗಳು. ಮಳೆ ಸಾಲದ ಆ ನೆಲಕ್ಕೆ ಬೆಟ್ಟದ ತೊರೆಗಳಿಂದ ಕಾಲುವೆ ತೋಡಿ ನೀರು ಹಾಯಿಸಬೇಕಾಗಿತ್ತು. 1848ರಲ್ಲಿ ಮಿಡತೆಗಳನ್ನು ಹೋಲುವ ದೊಡ್ಡ ಕೀಟಗಳು ಪೈರಿಗೆ ಮುತ್ತಿದವು. ಜನರು ಸೇಗೊ ಲಿಲಿ ಎಂಬ ಕಾಡುಹೂವಿನ ಗಿಡದ ಗೆಡ್ಡೆಗಳನ್ನು ಅಗೆದು ತಿಂದರು. ಇಂಥ ಕಾಲದಲ್ಲಿ, 1849ರ ವಸಂತದಲ್ಲಿ, ಎಲೈಜಾ ಲೈಮನ್ ಎಂಬ ಬಿಳಿಯ ಮಹಿಳೆಯ ಮನೆಯಲ್ಲಿ ಹಿಟ್ಟು ತೀರಿಹೋಗಿತ್ತು; ಆಕೆಯ ಪತಿ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದರು. ಜೇನ್ ತಮ್ಮಲ್ಲಿದ್ದ ಹಿಟ್ಟಿನಲ್ಲಿ ಸುಮಾರು ಅರ್ಧವನ್ನು, ಎಂದರೆ ಎರಡು ಪೌಂಡ್‌ಗಳಷ್ಟನ್ನು, ಅವರಿಗೆ ಕೊಟ್ಟರೆಂದು ಎಲೈಜಾ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಜೇನ್ ಎಂಥವರೆಂದು ತಿಳಿಯಲು ನನಗೆ ಈ ಒಂದು ದಾಖಲೆಯೇ ಸಾಕು.

ಉತ್ತರ – ಸಂಪಿಗೆ

ಮೇಲಿನ ಉತ್ತರ ಸರಿಯಾಗಿದೆ, ಆದರೆ ನಂತರದ ಅರವತ್ತು ವರ್ಷಗಳನ್ನು ಹೇಳದಿದ್ದರೆ ಜೇನ್ ಅವರ ಬದುಕು ಕೇವಲ ಔದಾರ್ಯದ ಕಥೆಯಾಗಿ ಉಳಿದುಬಿಡುತ್ತದೆ. ಯೂಟಾದ ಶಾಸನಸಭೆ 1852ರಲ್ಲಿ ಜೀತಪದ್ಧತಿಗೆ ಕಾನೂನಿನ ಆಸರೆ ಕೊಟ್ಟಿತು. ಅದೇ ವರ್ಷ ಬ್ರಿಗಮ್ ಯಂಗ್ ಕಪ್ಪು ಪುರುಷರಿಗೆ ಪೌರೋಹಿತ್ಯ (ಆ ಪಂಥದಲ್ಲಿ ಸಾಮಾನ್ಯ ಪುರುಷರಿಗೂ ದೊರೆಯುವ ಧಾರ್ಮಿಕ ಅಧಿಕಾರ) ಸಲ್ಲದೆಂದು ಬಹಿರಂಗವಾಗಿ ಸಾರಿದರು. ಕಪ್ಪು ಜನರಿಗೆ ದೇವಾಲಯದೊಳಗಿನ ಮುಖ್ಯ ಸಂಸ್ಕಾರಗಳೂ ನಿಷಿದ್ಧವಾದವು. ದಾಂಪತ್ಯ ಮುರಿದುಬಿದ್ದ ಮೇಲೆ ಜೇನ್ ಬಟ್ಟೆ ಒಗೆದು, ಸಾಬೂನು ತಯಾರಿಸಿ ಜೀವನ ನಡೆಸಿದರು. ಹೆಚ್ಚಿನ ಮಕ್ಕಳ ಸಾವನ್ನು ಕಣ್ಣಾರೆ ಕಂಡರು. ತಮಗೆ ಆ ಸಂಸ್ಕಾರಗಳನ್ನು ನಿರಾಕರಿಸಿದ ದೇವಾಲಯಗಳ ನಿರ್ಮಾಣಕ್ಕೂ ದೇಣಿಗೆ ಕೊಟ್ಟರು.

ಆದರೆ ಅವರು ಸುಮ್ಮನಿರಲಿಲ್ಲ ಎಂಬುದು ಮುಖ್ಯ. ಜೋಸೆಫ್ ತಮ್ಮನ್ನು ಮಗಳಾಗಿ ಸ್ವೀಕರಿಸಲು ಸಿದ್ಧರಿದ್ದಾರೆಂದು ಅವರ ಪತ್ನಿ ಎಮ್ಮಾ ಹಿಂದೆ ತಿಳಿಸಿದ್ದುದನ್ನು ನೆನಪಿಸಿ, ಆ ಸಂಬಂಧವನ್ನು ದೇವಾಲಯದ ವಿಧಿಯ ಮೂಲಕ ಶಾಶ್ವತಗೊಳಿಸಬೇಕೆಂದು ಮುಖಂಡರನ್ನು ಮತ್ತೆ ಮತ್ತೆ ಕೇಳಿಕೊಂಡರು. ಕೊನೆಗೆ 1894ರಲ್ಲಿ ಅವರನ್ನು ಮಗಳಾಗಿ ಅಲ್ಲ, ಜೋಸೆಫ್ ಸ್ಮಿತ್ ಅವರ ಸೇವಕಿಯಾಗಿ ಪರಲೋಕಕ್ಕೂ ಬಂಧಿಸುವ ವಿಶೇಷ ವಿಧಿಯೊಂದನ್ನು ನಡೆಸಲಾಯಿತು. ಆ ವಿಧಿಗೂ ಜೇನ್ ಅವರನ್ನು ಒಳಗೆ ಬಿಡದೆ, ಅವರ ಪರವಾಗಿ ಬಿಳಿಯ ಮಹಿಳೆಯೊಬ್ಬರನ್ನು ನಿಲ್ಲಿಸಲಾಯಿತು. ಇದನ್ನು ಓದಿದಾಗಲೆಲ್ಲ ನನಗೆ ತೀವ್ರ ವೇದನೆಯಾಗುತ್ತದೆ.

ಪ್ರತಿಕ್ರಿಯೆ – ತುಂಗಾತೀರ

ಇಬ್ಬರಿಗೂ ಕೃತಜ್ಞತೆಗಳು. ಇಷ್ಟೆಲ್ಲ ಆದ ಮೇಲೂ ಅವರು ಪಂಥವನ್ನು ಬಿಡಲಿಲ್ಲವೇಕೆ?

ಉತ್ತರ – ಹಳೆಯ ಹಾದಿ

ಆತ್ಮಕಥನದಲ್ಲಿ ಅವರು ತಮ್ಮ ನಂಬಿಕೆ ಹಿಂದಿಗಿಂತಲೂ ದೃಢವಾಗಿದೆಯೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಆ ಮಾತನ್ನು ನಾವು ಅವರದೇ ನಿರ್ಧಾರವೆಂದು ಗೌರವಿಸಬೇಕು. ಬೇರೆ ದಾರಿಯಿಲ್ಲದ ಅಸಹಾಯಕತೆ ಎಂದು ತಳ್ಳಿಹಾಕುವುದು ಸರಿಯಲ್ಲ. ಆ ಪಂಥಕ್ಕಾಗಿ ರಕ್ತ ಸುರಿಸಿ ನಡೆದುಬಂದವರು ಅದರಲ್ಲಿ ತಮಗೂ ಹಕ್ಕಿದೆಯೆಂದು ಭಾವಿಸಿದ್ದರು. ಆದ್ದರಿಂದಲೇ 1894ರ ವಿಧಿಯಿಂದ ತೃಪ್ತರಾಗದೆ, ಅದರ ನಂತರವೂ ಅರ್ಜಿಗಳನ್ನು ಸಲ್ಲಿಸುತ್ತಲೇ ಇದ್ದರು. ಅವರು 1908ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಪಂಥದ ಅಂದಿನ ಅಧ್ಯಕ್ಷ, ಸ್ಥಾಪಕ ಜೋಸೆಫ್ ಅವರ ಅಣ್ಣನ ಮಗ ಜೋಸೆಫ್ ಎಫ್. ಸ್ಮಿತ್ ಅವರೇ ಅಂತ್ಯಕ್ರಿಯೆಯಲ್ಲಿ ಮಾತನಾಡಿದರು. ನಿಷೇಧ ತೆರವಾದದ್ದು 1978ರಲ್ಲಿ, ಅಂದರೆ ಅವರ ಮರಣದ 70 ವರ್ಷಗಳ ನಂತರ. ಮರುವರ್ಷ ಅವರ ಹೆಸರಿನಲ್ಲಿ ಆ ಸಂಸ್ಕಾರಗಳನ್ನು ನೆರವೇರಿಸಲಾಯಿತು.