'ಏರಬಹುದು' ಅಂದರೆ ನೂರಕ್ಕೆ ಎಷ್ಟು?

ಬದಿಯಡ್ಕದ_ಚಾಲಿ: ಮೂವರು ಪಾಲುದಾರರ ಅಡಿಕೆ ದಾಸ್ತಾನು. ಇಡುವುದೋ ಕೊಡುವುದೋ? ಮೂವರೂ 'ಧಾರಣೆ ಏರಬಹುದು' ಅನ್ನುತ್ತಾರೆ. ಇದನ್ನು ಅಂಕಿಗೆ ಇಳಿಸುವುದು ಹೇಗೆ?

ಲೆಕ್ಕದ_ಪುಸ್ತಕ: ಮೊದಲು ಪ್ರಶ್ನೆ ಬಿಗಿಯಾಗಲಿ ಮಾರಾಯ್ರೆ: 'ಮಾರ್ಚ್ 31ರಂದು ಹೊಸ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕಿಲೋಗೆ 500 ರೂಪಾಯಿ ದಾಟಿರುತ್ತದೆಯೇ?' ಯಾವ ಮಂಡಿಯ ದರ ಎಂಬುದೂ ಬರೆದಿರಲಿ. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ: ಚೀಲದಲ್ಲಿ 100 ಗೋಲಿ, 60 ಕೆಂಪು. ಧಾರಣೆ 500 ದಾಟಿದರೆ 10,000 ರೂಪಾಯಿ ಬೇಕೋ, ಕೆಂಪು ಗೋಲಿ ಬಂದರೆ ಅಷ್ಟೇ ಹಣ ಬೇಕೋ? ಗೋಲಿ ಅಂದರೆ ಕೆಂಪು ಇಳಿಸಿ, ಧಾರಣೆ ಅಂದರೆ ಏರಿಸಿ. 'ಯಾವುದಾದರೂ ಸರಿ' ಅಂದ ಕಡೆ 45 ಕೆಂಪಿದ್ದರೆ ಅವರ ಸಂಭವನೀಯತೆ 0.45. ದಾಟದಿರುವ ಸಾಧ್ಯತೆಯನ್ನೂ ಬೇರೆಯಾಗಿ ಕೇಳಿ. ಎರಡೂ ಸೇರಿ 100 ಆಗದಿದ್ದರೆ ಮತ್ತೆ ಶುರು ಮಾಡಿ. ಒಬ್ಬೊಬ್ಬರೂ ತಮ್ಮ ಅಂಕಿ ಚೀಟಿಯಲ್ಲಿ ಬರೆಯುವ ಮೊದಲು ಚರ್ಚೆ ಬೇಡ, ಹಿರಿಯರ ಅಂಕಿಗೇ ಉಳಿದವರು ಜೋತುಬೀಳುತ್ತಾರೆ.

ತೆಂಕಣಗಾಳಿ: ಒಂದೇ ಗಡಿ ಸಾಲದು. ಕನಿಷ್ಠ, ಗರಿಷ್ಠ ದರ ಮೊದಲು ಕೇಳಿ, ನಡುವಿನದು ಕೊನೆಗೆ. ನಡುವಿನಿಂದ ಶುರುಮಾಡಿದರೆ ಮನಸ್ಸು ಅಲ್ಲೇ ಅಂಟಿಕೊಂಡು ವ್ಯಾಪ್ತಿ ತೀರಾ ಕಿರಿದಾಗುತ್ತದೆ. ಇದು ಬಹಳ ಸಾಮಾನ್ಯ ತಪ್ಪು.

ಲೆಕ್ಕದ_ಪುಸ್ತಕ: ಹೌದು. ಗೋದಾಮು ತುಂಬಿದವರಿಗೆ ಏರಿಕೆಯೇ ಕಾಣುತ್ತದೆ, ಅದನ್ನೂ ಗಮನಿಸಿ.

ಕುಂಬಳೆ_ಕಡಲು: ಚೀಟಿ ಎಸೆಯಬೇಡಿ. 1950ರಲ್ಲಿ ಗ್ಲೆನ್ ಬ್ರೈಯರ್ ಹವಾಮಾನ ಮುನ್ಸೂಚನೆಗೆ ಕೊಟ್ಟ ಅಂಕ ಇಲ್ಲಿಗೂ ಸರಿ: 0.7 ಅಂದದ್ದು ನಿಜವಾದರೆ ದಂಡ 0.3ರ ವರ್ಗ, 0.09; ಸುಳ್ಳಾದರೆ 0.49. ಸದಾ 0.5 ಅನ್ನುವವರಿಗೆ 0.25. ಇಪ್ಪತ್ತು ಮೂವತ್ತು ಊಹೆಗಳ ದಂಡದ ಸರಾಸರಿ 0.25ಕ್ಕಿಂತ ಮೇಲಿದ್ದರೆ ಆ ಅಂಕಿ ನಂಬಿ ದಾಸ್ತಾನು ಇಡಬೇಡಿ.