ಸರ್ವರ್ ತೆವಳ್ತಿದೆ, ಗ್ರಾಫ್ ಮಾತ್ರ ತಣ್ಣಗಿದೆ: ಯಾವ ಕ್ವೆರಿ ಹಾಕಬೇಕು?

ಪ್ರಶ್ನೆ: 8 ಕೋರ್, 16 ಜಿಬಿ ರ‍್ಯಾಮ್ ಇರುವ ಲಿನಕ್ಸ್ ವರ್ಚುವಲ್ ಸರ್ವರ್. ಅದರ ಮೇಲೆ ಕಣ್ಣಿಡೋಕೆ ಪ್ರೊಮೀಥಿಯಸ್ (ಅಳತೆಗಳನ್ನು ಕೂಡಿಡುತ್ತೆ), ನೋಡ್ ಎಕ್ಸ್‌ಪೋರ್ಟರ್ (ಸರ್ವರ್‌ನ ಅಳತೆ ಕೊಡುತ್ತೆ), ಗ್ರಾಫಾನಾ (ಗ್ರಾಫ್ ತೋರಿಸುತ್ತೆ) ಹಾಕಿದ್ದೇವೆ. ಸ್ಕ್ರೇಪ್, ಅಂದರೆ ಅಳತೆ ತರೋದು, 60 ಸೆಕೆಂಡಿಗೊಮ್ಮೆ. ರೇಟ್‌ಗೆ (ಸೆಕೆಂಡಿಗೆ ಎಷ್ಟು ಏರಿತು ಅನ್ನೋ ಲೆಕ್ಕ) 1 ನಿಮಿಷದ ಕಿಟಕಿ ಕೊಟ್ಟರೆ ಗ್ರಾಫ್ ಖಾಲಿ. ಮೆಮೊರಿ ಅಲರ್ಟ್ ಹಗಲು ರಾತ್ರಿ ಬಡ್ಕೊಳ್ಳುತ್ತೆ. ಬಳಕೆದಾರರು ನಿಧಾನ ಅಂತಾರೆ, ಸಿಪಿಯು ನೋಡಿದರೆ 30% ದಾಟಲ್ಲ. ಗೊತ್ತಿರೋರು ದಯವಿಟ್ಟು ತಿಳಿಸಿ.

ಉತ್ತರ 1: ಖಾಲಿ ಗ್ರಾಫ್‌ಗೆ ಕಾರಣ ಸರಳ ಸರ್. ರೇಟ್ ಲೆಕ್ಕ ಹಾಕೋಕೆ ಕಿಟಕಿಯೊಳಗೆ ಕನಿಷ್ಠ ಎರಡು ಸ್ಯಾಂಪಲ್ ಬೇಕು. 60 ಸೆಕೆಂಡಿಗೊಂದು ಬರುವಾಗ 1 ನಿಮಿಷದಲ್ಲಿ ಸಿಗೋದು ಒಂದೇ. ಸ್ಕ್ರೇಪ್ ಅಂತರದ ನಾಲ್ಕು ಪಟ್ಟು ಇಡಿ, ಅಂದರೆ 4 ನಿಮಿಷ. ಆಗ ಒಂದು ಸ್ಕ್ರೇಪ್ ತಪ್ಪಿದರೂ ಗೆರೆ ಕಡಿಯಲ್ಲ. ಆದರೆ ಸ್ಕ್ರೇಪನ್ನೇ 15 ಸೆಕೆಂಡಿಗೆ ಇಳಿಸೋದು ಇನ್ನೂ ಒಳ್ಳೇದು. 60 ಸೆಕೆಂಡಿನಲ್ಲಿ 20 ಸೆಕೆಂಡಿನ ಏರಿಳಿತ ಕರಗಿಹೋಗುತ್ತೆ.

ಒಂದು ಮಾತು: ಕೌಂಟರ್‌ಗಳಿಗೆ (ಏರುತ್ತಲೇ ಹೋಗುವ ಎಣಿಕೆಗಳು) ಮೊದಲು ರೇಟ್, ಆಮೇಲೆ ಸಮ್. ರೆಕಾರ್ಡಿಂಗ್ ರೂಲ್‌ನಲ್ಲಿ (ಕ್ವೆರಿಯ ಉತ್ತರ ಲೆಕ್ಕ ಹಾಕಿ ಉಳಿಸುವ ನಿಯಮ) ಮೊದಲೇ ಕೂಡಿಟ್ಟು ಅದಕ್ಕೆ ರೇಟ್ ಹಾಕಿದರೆ, ಒಂದು ಸರ್ವರ್ ರೀಸ್ಟಾರ್ಟ್ ಆದಾಗ ಮೊತ್ತ ಕುಸಿಯುತ್ತೆ. ರೇಟ್ ಅದನ್ನು ಕೌಂಟರ್ ಸೊನ್ನೆಗೆ ಹೋಯ್ತು ಅಂತ ತಿಳಿದು ಆಕಾಶಕ್ಕೇರುವ ಸುಳ್ಳು ಶಿಖರ ತೋರಿಸುತ್ತೆ.

ಉತ್ತರ 2: ಮೆಮೊರಿ ಅಲರ್ಟ್‌ನಲ್ಲಿ ಮೆಮ್‌ಫ್ರೀ (ಪೂರ್ತಿ ಖಾಲಿ ಇರುವ ಮೆಮೊರಿ) ಬಳಸಿದ್ದೀರಿ ಅನ್ಸುತ್ತೆ. ಲಿನಕ್ಸ್ ಖಾಲಿ ರ‍್ಯಾಮನ್ನು ಸುಮ್ಮನೆ ಬಿಡಲ್ಲ, ಫೈಲ್ ಕ್ಯಾಶ್‌ಗೆ ತುಂಬಿಕೊಳ್ಳುತ್ತೆ. 16 ಜಿಬಿಯಲ್ಲಿ ಫ್ರೀ 600 ಎಂಬಿ ಇದ್ದು, ಬೇಕೆಂದಾಗ ಸಿಗುವುದು 9 ಜಿಬಿ ಇರಬಹುದು. ಈ ಬೇಕೆಂದಾಗ ಸಿಗುವ ಲೆಕ್ಕವಾದ ಮೆಮ್‌ಅವೈಲಬಲ್ ಅನ್ನು ಮೆಮ್‌ಟೋಟಲ್‌ನಿಂದ ಭಾಗಿಸಿ, 10%ಗಿಂತ ಕಡಿಮೆಯಾಗಿ 10 ನಿಮಿಷ ನಿಂತರೆ ಮಾತ್ರ ಅಲರ್ಟ್ ಕೊಡಿ.

ಉತ್ತರ 3: ನಿಜವಾದ ತೊಂದರೆ ಆ 30%ನಲ್ಲಿದೆ. 100ರಿಂದ ಐಡಲ್ (ಸಿಪಿಯು ಸುಮ್ಮನಿದ್ದ ಸಮಯ) ರೇಟ್‌ನ ಶೇಕಡಾ ಸರಾಸರಿ ಕಳೆಯುವ ಕ್ವೆರಿ ಎಂಟೂ ಕೋರ್‌ಗಳನ್ನು ಕಲಸಿ ಒಂದು ಸಂಖ್ಯೆ ಕೊಡುತ್ತೆ. ಒಂದೇ ಥ್ರೆಡ್ ಒಂದು ಕೋರನ್ನು ಪೂರ್ತಿ ತಿಂದರೂ ಒಟ್ಟಿನಲ್ಲಿ ಕಾಣೋದು 12.5% ಮಾತ್ರ. ಗುಂಪು ಮಾಡುವಾಗ ಇನ್‌ಸ್ಟೆನ್ಸ್ (ಯಾವ ಸರ್ವರ್) ಜೊತೆ ಸಿಪಿಯು (ಯಾವ ಕೋರ್) ಲೇಬಲ್ಲನ್ನೂ ಉಳಿಸಿ. ಆಮೇಲೆ ಮೋಡ್ (ಸಿಪಿಯು ಸಮಯ ಯಾವುದಕ್ಕೆ ಹೋಯ್ತು) ಪ್ರಕಾರ ಬಿಡಿಸಿ. ಐಒವೇಟ್ (ಡಿಸ್ಕ್‌ಗಾಗಿ ಕಾದ ಸಮಯ) ಏರಿದ್ದರೆ ಡಿಸ್ಕ್ ಕಡೆ ನೋಡಿ. ಸ್ಟೀಲ್ 10% ಮೇಲೆ ನಿಂತಿದ್ದರೆ ಹೋಸ್ಟ್ ನಿಮ್ಮ ಪಾಲಿನ ಸಿಪಿಯು ಸಮಯವನ್ನು ಬೇರೆಯವರಿಗೆ ಕೊಡ್ತಿದೆ; ನಿಮ್ಮ ಕೋಡ್ ಎಷ್ಟು ತಿದ್ದಿದರೂ ಅದು ಸರಿಹೋಗಲ್ಲ.

ಪ್ರಶ್ನೆ ಕೇಳಿದವರು: ಬಿಡಿಸಿ ನೋಡಿದೆ. ಒಂದು ಕೋರ್ 98%, ಉಳಿದವು 20ರ ಆಸುಪಾಸು. ಬಳಕೆದಾರರ ಕಾಯುವಿಕೆ ಅಳೆಯೋದು ಹೇಗೆ?

ಉತ್ತರ 4: ಹಿಸ್ಟೋಗ್ರಾಮ್ ಕ್ವಾಂಟೈಲ್, 0.95. ಅಂದರೆ 95% ವಿನಂತಿಗಳು ಎಷ್ಟು ಸಮಯದೊಳಗೆ ಮುಗಿದವು ಅನ್ನೋ ಲೆಕ್ಕ. ಬಕೆಟ್ ಮೆಟ್ರಿಕ್‌ಗೆ (ಇಷ್ಟು ಸಮಯದೊಳಗೆ ಮುಗಿದವು ಎಷ್ಟು ಅನ್ನೋ ಎಣಿಕೆ) ರೇಟ್ ಹಾಕಿ ಕೂಡಿಸುವಾಗ, ಬಕೆಟ್‌ನ ಗಡಿ ಹೇಳುವ ಎಲ್ಇ ಲೇಬಲ್ ಉಳಿಯಲೇಬೇಕು, ಅದು ಹೋದರೆ ಉತ್ತರವೇ ಬರಲ್ಲ. ಸರ್ವರ್‌ಗೊಂದರಂತೆ 95ನೇ ಪರ್ಸೆಂಟೈಲ್ ತೆಗೆದು ಸರಾಸರಿ ಮಾಡಬೇಡಿ, ಆ ಸಂಖ್ಯೆಗೆ ಅರ್ಥವಿಲ್ಲ.

ಬಕೆಟ್ ಗಡಿಗಳನ್ನೂ ನೋಡಿ. 1 ಸೆಕೆಂಡಿನ ನಂತರದ ಗಡಿ 2.5 ಆಗಿದ್ದರೆ, ನಡುವಿನದೆಲ್ಲ ಸಮನಾಗಿ ಹಂಚಿದೆ ಅಂತ ಊಹಿಸಿ ಲೆಕ್ಕ ಮಾಡುತ್ತೆ. ನಿಜವಾಗಿ 1.1 ಸೆಕೆಂಡ್ ಇದ್ದದ್ದು 2.4 ಅಂತ ಕಾಣಬಹುದು. ಗ್ರಾಫ್ ಸರಿಯಾಗಿ 10 ಸೆಕೆಂಡಿನಲ್ಲಿ ಗೀಟು ಎಳೆದಂತೆ ನಿಂತಿದ್ದರೆ, ಅದು ನಿಮ್ಮ ಕೊನೆಯ ಬಕೆಟ್ ಗಡಿ. ಕಾಯುವಿಕೆ ಅದನ್ನೂ ಮೀರಿದೆ.

ಉತ್ತರ 5: ಡಿಸ್ಕ್‌ಗೆ 90% ತುಂಬಿದರೆ ಅಲರ್ಟ್ ಅನ್ನೋದು ಬಿಡಿ; 2 ಟಿಬಿಯಲ್ಲಿ ಆಗಲೂ 200 ಜಿಬಿ ಬಾಕಿ ಇರುತ್ತೆ. ಈಗಿನ ಓಟ ನೋಡಿ ಮುಂದಿನದನ್ನು ಅಂದಾಜಿಸುವ ಪ್ರೆಡಿಕ್ಟ್ ಲೀನಿಯರ್‌ಗೆ 6 ಗಂಟೆಯ ಅವೈಲ್ ಬೈಟ್ಸ್ (ಸಾಮಾನ್ಯ ಬಳಕೆಗೆ ಸಿಗುವ ಜಾಗ) ಕೊಟ್ಟು, 24 ಗಂಟೆಯಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತಾ ಕೇಳಿ. ಫ್ರೀ ಬೈಟ್ಸ್ ಬೇಡ, ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಸಾಮಾನ್ಯವಾಗಿ 5% ರೂಟ್‌ಗೆ ಮೀಸಲಿಡುತ್ತೆ. ಐನೋಡ್‌ಗೂ (ಪ್ರತಿ ಫೈಲ್‌ಗೆ ಬೇಕಾಗುವ ದಾಖಲೆ) ಒಂದು ಅಲರ್ಟ್ ಇರಲಿ.

ಇನ್ನು, ಇಷ್ಟೆಲ್ಲ ಹಾಕಿ ಅಪ್ ಮೆಟ್ರಿಕ್ (ಸ್ಕ್ರೇಪ್ ಆದರೆ 1, ಆಗದಿದ್ದರೆ 0) ಮರೆತರೆ ಕಷ್ಟ. ಸರ್ವರ್ ಸತ್ತರೆ ಸಿಪಿಯು ಕ್ವೆರಿಗೆ ಡೇಟಾ ನಿಲ್ಲುತ್ತೆ, ಹೊಡೆಯುತ್ತಿದ್ದ ಅಲರ್ಟ್ ತಾನಾಗಿ ಬಗೆಹರಿದಂತೆ ಮಾಯವಾಗುತ್ತೆ. ಅಪ್ ಸೊನ್ನೆ ಆಗಿ 2 ನಿಮಿಷ ನಿಂತರೆ ಫೋನ್ ಹೊಡೆಯಲಿ. ಟಾರ್ಗೆಟ್ಟೇ (ಸ್ಕ್ರೇಪ್ ಮಾಡಬೇಕಾದ ಸರ್ವರ್) ಪಟ್ಟಿಯಿಂದ ಬಿದ್ದುಹೋದರೆ ಅಪ್ ಕೂಡ ಇರಲ್ಲ, ಅದಕ್ಕೆ ಡೇಟಾ ಇಲ್ಲದಿರೋದನ್ನೇ ಹಿಡಿಯುವ ಅಬ್ಸೆಂಟ್ ಸೇರಿಸಿ.