ಪದಚರ್ಚೆ (ತುರ್ತು): ‘ಕ್ರಾಸ್ ಡ್ರೆಸ್ಸಿಂಗ್’ಗೆ ಕನ್ನಡದಲ್ಲಿ ಏನು? ಬೈಬಲಿನ ಧರ್ಮೋಪದೇಶಕಾಂಡ 22:5ರಲ್ಲಿ ‘ವೇಷ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಓದುಗರಿಗಾಗಿ ಒಂದು ಕಿರುಪುಸ್ತಕ ಮಲಯಾಳದಿಂದ ಕನ್ನಡಕ್ಕೆ ಬರುತ್ತಿದೆ. ಗಂಡಿನ ಬಟ್ಟೆ ಹೆಣ್ಣು, ಹೆಣ್ಣಿನ ಬಟ್ಟೆ ಗಂಡು ಹಾಕಿಕೊಳ್ಳುವುದರ ಬಗ್ಗೆ ಕ್ರೈಸ್ತ ಸಭೆಗಳು ಯಾವ ಕಾಲದಲ್ಲಿ ಏನು ಹೇಳಿದವು ಎಂಬುದು ವಿಷಯ. ಶನಿವಾರ ಪ್ರೆಸ್ಸಿಗೆ ಕೊಡಬೇಕು. ಮೂರು ಕಡೆ ಸಿಕ್ಕಿಕೊಂಡಿದೆ.

ಮೊದಲನೆಯದು ತಲೆಬರಹ. ಕರಡಿನಲ್ಲಿ ‘ವಿಲಿಂಗವಸ್ತ್ರಧಾರಣೆ’ ಎಂದಿದೆ, ಯಾರಿಗೂ ಅರ್ಥವಾಗುತ್ತಿಲ್ಲ. ಎರಡು, 22:5ಕ್ಕೆ ಕರಡು ‘ಪುರುಷವೇಷ’, ‘ಸ್ತ್ರೀವೇಷ’ ಎನ್ನುತ್ತದೆ. ಮೂರು, ಅದೇ ವಚನದ ಕೊನೆಯ ಮಾತು ಒಂದು ಪುಟದಲ್ಲಿ ‘ಅಸಹ್ಯ’, ಇನ್ನೊಂದರಲ್ಲಿ ‘ಹೇಯ’, ಮತ್ತೊಂದರಲ್ಲಿ ‘ನಿಷಿದ್ಧ’ ಆಗಿದೆ. ವ್ಯುತ್ಪತ್ತಿ ಆಮೇಲೆ ನೋಡೋಣ, ದಯವಿಟ್ಟು ಮೊದಲು ಪದ ಕೊಡಿ.

— ಕಾಸರಗೋಡು

*

‘ಮಾರುಡುಗೆ’. ಮಾರ್ದನಿ, ಮಾರುತ್ತರ, ಮಾರುವೇಷ ಇವೆಯಲ್ಲ, ಅದೇ ಹಾದಿ. ಉಳಿದ ಯಾವುದೂ ಬೇಡ. ‘ವಿಲಿಂಗವಸ್ತ್ರಧಾರಣೆ’ ಕನ್ನಡವೇ ಅಲ್ಲ.

— ಬದಿಯಡ್ಕ

*

ಮಾಷ್ಟ್ರೇ, ‘ಮಾರುಡುಗೆ’ ಎಂದರೆ ಓದುವವರಿಗೆ ಮಾರಾಟದ ಉಡುಗೆ ಎಂದೇ ಹೊಳೆಯುವುದು. ಮೇಲಾಗಿ ಈ ಪುಸ್ತಕ ಓದುವವರ ಇನ್ನೊಂದು ಕಿವಿ ಮಲಯಾಳದ್ದು, ಅಲ್ಲಿ ‘ಮಾರು’ ಎಂದರೆ ಎದೆ. ಬಟ್ಟೆಯ ಮಾತಿನ ನಡುವೆ ಈ ಪದ ಬಂದರೆ ಕುಪ್ಪಸವೋ ಎಂದುಕೊಳ್ಳುತ್ತಾರೆ.

— ಕುಂಬಳೆ

*

ಮಾರಾಟದ ‘ಮಾಱು’, ಬದಲಾಗುವ ‘ಮಾಱು’ ಎರಡಕ್ಕೂ ಬೇರು ಒಂದೇ. ಹಳಗನ್ನಡದ ಱಕಾರವನ್ನು ಕೈಬಿಟ್ಟವರು ನಾವು, ತಪ್ಪು ಪದದ್ದಲ್ಲ. ಒಂದು ಕೊಟ್ಟು ಇನ್ನೊಂದು ತೆಗೆದುಕೊಳ್ಳುವುದು ಅದರ ಮೂಲ ಅರ್ಥ. ಇಲ್ಲಿ ಆಗುವುದೂ ಅದೇ ತಾನೆ?

— ಬದಿಯಡ್ಕ

*

ಬೇರು ಸರಿ ಇದೆ ಎಂದು ಪದ ನಡೆಯುವುದಿಲ್ಲ. ತಲೆಬರಹ ಪಕ್ಕಕ್ಕಿರಲಿ, ವಚನವನ್ನು ನೋಡೋಣ. ಕೆಲಸ ಕೆಟ್ಟಿರುವುದು ಅಲ್ಲಿ.

ಹೀಬ್ರೂ ಮೂಲದಲ್ಲಿ ಎರಡು ಅರ್ಧಕ್ಕೆ ಎರಡು ಬೇರೆ ಪದಗಳಿವೆ. ಹೆಣ್ಣಿನ ಮೇಲೆ ಇರಬಾರದ್ದು ‘ಕೆಲಿ ಗೆಬೆರ್’, ಗಂಡು ಉಡಬಾರದ್ದು ‘ಸಿಮ್ಲತ್ ಇಶ್ಶಾ’. ‘ಕೆಲಿ’ ಬಟ್ಟೆಯೇ ಆಗಬೇಕೆಂದಿಲ್ಲ. ಪಾತ್ರೆ, ಉಪಕರಣ, ಆಯುಧ ಎಲ್ಲಕ್ಕೂ ಆ ಪದ ಬರುತ್ತದೆ. ಯೋನಾತಾನನ ಆಯುಧ ಹೊರುವವನನ್ನು ಹೇಳುವಾಗಲೂ ಇದೇ ‘ಕೆಲಿ’. ‘ಗೆಬೆರ್’ ಎಂಬಲ್ಲಿ ಬಲದ ಛಾಯೆ ಇದೆ, ವೀರ ಎಂಬರ್ಥದ ‘ಗಿಬ್ಬೋರ್’ ಅದೇ ಧಾತುವಿನದು. ಅದಕ್ಕೇ ಯೆಹೂದಿ ಪಂಡಿತರಲ್ಲಿ ಒಂದು ಪಕ್ಷ, ಹೆಣ್ಣು ಆಯುಧ ತೊಟ್ಟು ಯುದ್ಧಕ್ಕೆ ಹೋಗಬಾರದು ಎಂದು ಇದನ್ನು ಓದಿತು. ಅವರ ಧರ್ಮಶಾಸ್ತ್ರ ಗ್ರಂಥ ತಾಲ್ಮುದಿನ ನಾಜೀರ್ ಭಾಗದಲ್ಲಿ ಆ ಮಾತಿದೆ. ಇನ್ನು ಕ್ರಿಯಾಪದ. ಮೊದಲ ಅರ್ಧದಲ್ಲಿ ‘ತೊಡಬಾರದು’ ಎಂದೇ ಇಲ್ಲ, ‘ಹೆಣ್ಣಿನ ಮೇಲೆ ಇರಬಾರದು’ ಎಂದಿದೆ. ಉಡುವ ಕ್ರಿಯೆ ಬರುವುದು ಎರಡನೇ ಅರ್ಧದಲ್ಲಿ ಮಾತ್ರ. ಗ್ರೀಕ್ ಅನುವಾದ ಈ ಭೇದ ಉಳಿಸಿಕೊಂಡಿತು. ಲ್ಯಾಟಿನ್ ಎರಡೂ ಕಡೆ ‘ವೆಸ್ತಿಸ್’ ಹಾಕಿ ಅಳಿಸಿತು. ಮಲಯಾಳ ಎರಡೂ ಕಡೆ ‘ವಸ್ತ್ರ’ ಎಂದಿತು, ನಿಮ್ಮ ಕರಡು ‘ವೇಷ’ ಎಂದಿತು.

ಕನ್ನಡಕ್ಕೆ ಈ ಭೇದ ಸಲೀಸಾಗಿ ಸಿಗುತ್ತದೆ. ನಾವು ಸೀರೆ ಉಡುತ್ತೇವೆ, ಮುಂಡು ಉಡುತ್ತೇವೆ, ಅಂಗಿ ತೊಡುತ್ತೇವೆ, ಬಳೆ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ಹೂ ಮುಡಿಯುತ್ತೇವೆ. ಕವಚ ತೊಡುವುದೂ ಬಿಲ್ಲಿಗೆ ಬಾಣ ತೊಡುವುದೂ ಇದೇ ‘ತೊಡು’. ಆದ್ದರಿಂದ ‘ಕೆಲಿ’ಗೆ ‘ತೊಡುಗೆ’ ಎನ್ನಿ, ಬಟ್ಟೆ, ಆಭರಣ, ಆಯುಧ ಮೂರೂ ಅದರೊಳಗೆ ಬರುತ್ತವೆ. ‘ಸಿಮ್ಲಾ’ ಮೈಗೆ ಸುತ್ತಿಕೊಳ್ಳುವ ಹೊರಬಟ್ಟೆ. ಅದೇ ಅಧ್ಯಾಯದ 17ನೇ ವಚನದಲ್ಲಿ ಹಿರಿಯರ ಮುಂದೆ ಹಾಸಿ ತೋರಿಸುವ ಬಟ್ಟೆಯೂ ‘ಸಿಮ್ಲಾ’. ‘ಹೊದಿಕೆ’ ಹತ್ತಿರದ ಪದ, ಆದರೆ ನಮ್ಮ ಕಡೆ ಹೊದಿಕೆ ಎಂದರೆ ಕಂಬಳಿ. ‘ಉಡುಗೆ’ ಸಾಕು.

‘ಗಂಡಿನ ತೊಡುಗೆ ಹೆಣ್ಣಿನ ಮೇಲೆ ಇರಬಾರದು; ಗಂಡು ಹೆಣ್ಣಿನ ಉಡುಗೆ ಉಡಬಾರದು.’

ವಚನದ ಕೊನೆಯ ಮಾತಿನಲ್ಲಿರುವ ಪದ ‘ತೋಎವಾ’. 25ನೇ ಅಧ್ಯಾಯದಲ್ಲಿ ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಂಡು ಮೋಸ ಮಾಡುವವನಿಗೂ ಇದೇ ಪದ. ಒಂದು ಕಡೆ ‘ಅಸಹ್ಯ’, ಇನ್ನೊಂದು ಕಡೆ ‘ನಿಷಿದ್ಧ’ ಮಾಡಿದರೆ ಬಟ್ಟೆ ಬದಲಿಸುವುದು ಘೋರ, ತೂಕ ಕದಿಯುವುದು ಸಣ್ಣದು ಎಂದು ಅನುವಾದಕ ತೀರ್ಪು ಕೊಟ್ಟ ಹಾಗಾಗುತ್ತದೆ. ಒಂದೇ ಪದ ಹಿಡಿದು ಕೊನೆವರೆಗೆ ಬಿಡಬೇಡಿ. ನಾನಾದರೆ ‘ಹೇಯ’ ಎನ್ನುತ್ತೇನೆ. ಕರಡಿನಲ್ಲಿ 1 ಕೊರಿಂಥ 6:9ನ್ನೂ ಎಳೆದು ತಂದಿದ್ದರೆ ಎಚ್ಚರ. ಅಲ್ಲಿನ ‘ಮಲಕೊಯ್’ ಎಂದರೆ ಮೆತ್ತಗಿನವರು ಎಂದಷ್ಟೇ, ಮತ್ತಾಯ 11:8ರ ನಯವಾದ ಬಟ್ಟೆಗೂ ಅದೇ ವಿಶೇಷಣ. ‘ಹೆಣ್ಣುಡುಗೆಯವರು’ ಎಂದು ಬರೆದರೆ ತಪ್ಪು.

— ಮಂಜೇಶ್ವರ

*

‘ವೇಷ’ ಬೇಡ ಎಂಬುದಕ್ಕೆ ನನ್ನದೂ ಒಂದು ಕಾರಣ. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಸೀಮೆಯಲ್ಲಿ ‘ಸ್ತ್ರೀವೇಷ’ ಎಂದರೆ ಮೇಳದ ಒಂದು ವಿಭಾಗ. ಪುಂಡುವೇಷ, ಬಣ್ಣದ ವೇಷ, ಕಿರೀಟ ವೇಷ ಇದ್ದ ಹಾಗೆ ಅದೂ ಒಂದು, ಅದನ್ನು ಮಾಡುತ್ತಾ ಬಂದವರು ಗಂಡಸರು. ತುಳುವಿನವರಿಗೆ ಪಿಲಿಯೇಸವೂ (ಹುಲಿವೇಷ) ವೇಷವೇ. ‘ಗಂಡು ಸ್ತ್ರೀವೇಷ ಹಾಕಬಾರದು’ ಎಂದು ಅಚ್ಚು ಮಾಡಿದರೆ ಆಟ ಆಡಬಾರದು ಎಂದೇ ಇಲ್ಲಿ ಓದುತ್ತಾರೆ. ಆಟ-ನಾಟಕದ ಪ್ರಶ್ನೆ ಸಭೆಯ ಚರಿತ್ರೆಯಲ್ಲಿ ಬಂದಿದೆ, ಆದರೆ ಬೇರೆ ಜಾಗದಲ್ಲಿ: 692ರಲ್ಲಿ ಬಿಷಪರು ಸೇರಿದ ತ್ರುಲ್ಲೋ ಪರಿಷತ್ತಿನ 62ನೇ ನಿಯಮ ಹಬ್ಬದ ಕುಣಿತದಲ್ಲಿ ಗಂಡು-ಹೆಣ್ಣು ಉಡುಪು ಬದಲಿಸುವುದನ್ನೂ ಮುಖವಾಡವನ್ನೂ ತಡೆಯಿತು. ಆ ಪುಟದಲ್ಲಿ ‘ವೇಷ ಹಾಕುವುದು’ ಎಂದೇ ಇರಲಿ, ಅಲ್ಲಿ ಅದು ಸರಿಯಾಗಿ ಕೂರುತ್ತದೆ.

ಉಳಿದ ಪುಟಗಳಲ್ಲೂ ಸಂದರ್ಭ ನೋಡಿ ಪದ ಬದಲಿಸಬೇಕು. ಗಂಗ್ರಾ ಪರಿಷತ್ತು (4ನೇ ಶತಮಾನ) ತನ್ನ 13ನೇ ನಿಯಮದಲ್ಲಿ ಶಪಿಸಿದ್ದು ವೈರಾಗ್ಯದ ಹೆಸರಿನಲ್ಲಿ ಗಂಡಿನ ಬಟ್ಟೆಗೆ ಬದಲಾದ ಹೆಂಗಸರನ್ನು. ಅಲ್ಲಿ ‘ಗಂಡುಡುಗೆ’. 13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಉಡುಗೆ ಬದಲಿಸುವುದನ್ನು ಪಾಪ ಎಂದರೂ ವೈರಿಗಳಿಂದ ಅಡಗಬೇಕಾದಾಗ, ಬೇರೆ ಬಟ್ಟೆಯೇ ಇಲ್ಲದಾಗ ಪಾಪವಲ್ಲ ಎಂದ. ಅಡಗುವ ಮಾತಿಗೆ ‘ವೇಷ ಮರೆಸಿಕೊಂಡು’ ಎನ್ನುವ ಪದ ನಮ್ಮಲ್ಲಿ ಸಿದ್ಧವಿದೆ. ಫ್ರಾನ್ಸಿನ ಪರ ಯುದ್ಧಕ್ಕಿಳಿದ ಜೋನ್ ಆಫ್ ಆರ್ಕ್‌ಗೆ ಅದನ್ನು ಹಾಕಬೇಡಿ. ಅವಳು ಗಂಡುಡುಗೆ ತೊಟ್ಟಿದ್ದಳೇ ಹೊರತು ತಾನು ಹೆಣ್ಣೆಂಬುದನ್ನು ಮುಚ್ಚಿಡಲಿಲ್ಲ. 1431 ಮೇ 30ರಂದು ಅವಳನ್ನು ಸುಟ್ಟಾಗ ಆ ಬಟ್ಟೆಯೂ ಒಂದು ಆರೋಪ, 1456ರಲ್ಲಿ ಆ ತೀರ್ಪನ್ನೇ ರದ್ದು ಮಾಡಿದರು. 866ರಲ್ಲಿ ಬಲ್ಗೇರಿಯದವರು ಇಜಾರಿನ (ಪ್ಯಾಂಟಿನ) ಬಗ್ಗೆ ಕೇಳಿದಾಗ ಪೋಪ್ ಒಂದನೇ ನಿಕೊಲಾಸ್, ಗಂಡು ಹಾಕಲಿ ಹೆಣ್ಣು ಹಾಕಲಿ ನಮಗೆ ಅಡ್ಡಿಯಿಲ್ಲ ಎಂದು ಬರೆದ. ‘ಸಭೆ ಎಂದಿನಿಂದಲೂ ನಿಷೇಧಿಸಿದೆ’ ಎಂಬ ವಾಕ್ಯ ಕರಡಿನಲ್ಲಿದ್ದರೆ ಈ ಒಂದು ಪತ್ರ ಸಾಕು ಅದನ್ನು ತೆಗೆಸಲು.

— ಕುಂಬಳೆ

*

‘ಇಜಾರು’ ಅರಬ್ಬಿ. ಕಾಲ್ಚೀಲಕ್ಕೆ ಕಾಲ್ಚೀಲ ಎನ್ನುವವರಿಗೆ ಕಾಲುಡುಗೆ ಎನ್ನಲು ಏನು ಕಷ್ಟ? ಕ್ರೈಸ್ತ ಪುಸ್ತಕ ಎಂದ ಕೂಡಲೇ ಹೊರಗಿನ ಪದಗಳು ಸಾಲುಗಟ್ಟುತ್ತವೆ. ಇದನ್ನು ನಾನು ಒಪ್ಪುವುದಿಲ್ಲ.

— ಬದಿಯಡ್ಕ

*

ಒಪ್ಪಬೇಡಿ. ‘ಶಿಲುಬೆ’ ಸಿರಿಯಾಕಿನಿಂದ ಬಂತು, ‘ಇಗರ್ಜಿ’, ‘ಪಾದ್ರಿ’ ಪೋರ್ತುಗೀಸಿನವು. ಇವನ್ನು ಕಿತ್ತರೆ ಬೇಳದ ಇಗರ್ಜಿಯ ಜಾತ್ರೆಗೆ ಬರುವವರ ಜೊತೆ ಮಾತಾಡುವುದು ಯಾವ ಕನ್ನಡದಲ್ಲಿ? ಜನ ಬಳಸಿ ಸವೆಸಿದ ಪದ ಹೊರಗಿನದಲ್ಲ, ಮಾಷ್ಟ್ರೇ.

ಅನುವಾದಕರಿಗೆ ಎರಡು ಕೆಲಸದ ಮಾತು. ಮಲಯಾಳದಲ್ಲಿ ಪಾದ್ರಿಗಳ ನಿಲುವಂಗಿ ‘ಲೋಹ’. ಅದೂ ಪೋರ್ತುಗೀಸಿನದೇ. ಹಾಗೇ ಇಟ್ಟರೆ ಕನ್ನಡದಲ್ಲಿ ಕಬ್ಬಿಣ, ತಾಮ್ರ ಆಗುತ್ತದೆ. ಇನ್ನೊಂದು ‘ಮುಂಡು’. ಗಂಡಸರದ್ದೂ ಮುಂಡು, ಸಿರಿಯನ್ ಕ್ರೈಸ್ತ ಅಜ್ಜಿಯಂದಿರ ಚಟ್ಟೆಯ (ಮೇಲಂಗಿಯ) ಜೊತೆಗಿನದ್ದೂ ಮುಂಡು. ಬಟ್ಟೆ ಅದೇ ಬಿಳಿ, ಉಡುವ ರೀತಿ ಬೇರೆ: ಹೆಂಗಸರದ್ದಕ್ಕೆ ಹಿಂದೆ ಬೀಸಣಿಗೆಯ ಹಾಗೆ ನೆರಿಗೆ ಬಿಡುತ್ತಾರೆ. ‘ಪಂಚೆ’ ಎಂದು ಅನುವಾದಿಸಿದರೆ ಅಜ್ಜಿಗೇ ಗಂಡುಡುಗೆ ಉಡಿಸಿದಂತಾಗುತ್ತದೆ. ‘ಮುಂಡು’ ಎಂದೇ ಬಿಡಿ.

— ಮಂಜೇಶ್ವರ

*

ಎಲ್ಲರಿಗೂ ಉಪಕಾರ. ವಚನಕ್ಕೆ ಮಂಜೇಶ್ವರದವರು ಕೊಟ್ಟ ‘ತೊಡುಗೆ / ಉಡುಗೆ’. ‘ತೋಎವಾ’ ಎಲ್ಲ ಕಡೆ ‘ಹೇಯ’. ‘ವೇಷ’ ತ್ರುಲ್ಲೋ ಪುಟದಲ್ಲಿ, ‘ವೇಷ ಮರೆಸಿಕೊಂಡು’ ಅಕ್ವಿನಾಸ್ ಪುಟದಲ್ಲಿ, ಬೇರೆಲ್ಲೂ ಇಲ್ಲ. ‘ಎಂದಿನಿಂದಲೂ’ ವಾಕ್ಯ ಕರಡಿನಲ್ಲಿ ಇತ್ತು, ತೆಗೆದೆ. ತಲೆಬರಹ ‘ಗಂಡುಡುಗೆ, ಹೆಣ್ಣುಡುಗೆ: ಸಭೆಗಳು ಹೇಳಿದ್ದೇನು?’ ಕ್ರಿಯೆಯನ್ನು ಹೇಳಬೇಕಾದಲ್ಲಿ ‘ಉಡುಗೆ ಅದಲುಬದಲು’ ಎಂದು ಬಿಡಿಸಿ ಬರೆದಿದ್ದೇನೆ. ‘ಲೋಹ’ ಇದ್ದಲ್ಲೆಲ್ಲ ‘ನಿಲುವಂಗಿ’ ಮಾಡಿದೆ.

— ಕಾಸರಗೋಡು

*

ಅದಲುಬದಲಿನ ‘ಬದಲು’ ಅರಬ್ಬಿ. ‘ಮಾರು’ ಇರುವಾಗ ಅದೇಕೆ? ನಿಲುವಂಗಿ ಒಪ್ಪಿದೆ.

— ಬದಿಯಡ್ಕ